ಸೋತವರ ಬಟನ್‌ಗೇ ಬೆಲೆ ಜಾಸ್ತಿ

"ಎರಡು ಡಾಲರ್‌ಗೆ ಹೊಡೆದೆ ಕಣೋ, ಲಕ್ಷ ಬಾಳುತ್ತೆ!" ಶೀನ ಅಂಗೈ ಬಿಡಿಸಿದ. ನ್ಯೂಜೆರ್ಸಿಯ ಎಡಿಸನ್ ಊರಲ್ಲಿ ಯಾರೋ ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲ್‌ನಲ್ಲಿ ಸಿಕ್ಕಿದ ಪುಟ್ಟ ಬಟನ್, ಅಂದರೆ ಎದೆಗೆ ಚುಚ್ಚಿಕೊಳ್ಳುವ ಚುನಾವಣಾ ಪ್ರಚಾರದ ಬಿಲ್ಲೆ. ಮೇಲೆ ಇಬ್ಬರ ಮುಖ: ಅಧ್ಯಕ್ಷ ಪದವಿಗೆ ನಿಂತ ಜೇಮ್ಸ್ ಕಾಕ್ಸ್, ಅವನ ಜೊತೆ ಉಪಾಧ್ಯಕ್ಷ ಪದವಿಗೆ ನಿಂತ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್. 1920ರ ಅಮೆರಿಕದ ಅಧ್ಯಕ್ಷ ಚುನಾವಣೆಯದಂತೆ.

ಪ್ರಭಾಕರ ಕನ್ನಡಕ ಹಣೆಗೇರಿಸಿ ತಿರುಗಿಸಿ ನೋಡಿದ. "ಅಸಲಿಯಾದರೆ ಕಾಗದದ ಚಿತ್ರದ ಮೇಲೆ ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್ ಪದರ ಇರಬೇಕು. ಇದು ತಗಡಿನ ಮೇಲೇ ಅಚ್ಚು ಹಾಕಿದ್ದು. ಅಂಚಲ್ಲಿ ಇಸವಿ ನೋಡು, 1976. ನಕಲು ಮಾಡಿದರೆ ಮಾಡಿದ ಇಸವಿ ಹಾಕಲೇಬೇಕು ಅಂತ 1973ರಲ್ಲೇ ಕಾನೂನು ಬಂತು ಮಾರಾಯ."

ಶೀನನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಹೋಗಲಿ ಬಿಡ್ರೀ. ಅಲ್ಲಾ, ಇವರಿಬ್ಬರೂ ಗೆದ್ದಿದ್ರಾ?" ಗಿರಿಜಾ ಬಿಸಿ ಬಜ್ಜಿ ಇಟ್ಟು ಕೇಳಿದಳು.

"ಗೆದ್ದಿದ್ದರೆ ಅಸಲಿಗೆ ಅಷ್ಟು ಬೆಲೆ ಎಲ್ಲಿ ಅತ್ತಿಗೆ?" ಎಂದ ಪ್ರಭಾಕರ. "ಹಾರ್ಡಿಂಗ್ ಎದುರು ಮಣ್ಣು ಮುಕ್ಕಿದರು. ಇಬ್ಬರೂ ಒಟ್ಟಿಗಿರೋ ಬಟನ್ ಮಾಡಿಸಿದ್ದೇ ಕಮ್ಮಿ. 2022ರಲ್ಲಿ ಒಂದು, ಹರಾಜಿನಲ್ಲಿ ಲಕ್ಷ ಡಾಲರ್ ದಾಟಿತು."

"ಹಾಗಾದರೆ ಸೋತವರದ್ದೆಲ್ಲ ಎತ್ತಿಟ್ಟರಾಯ್ತು!" ಶೀನನಿಗೆ ಮತ್ತೆ ಜೀವ ಬಂತು.

"ಅದೂ ಆಗಲ್ಲ. 1972ರಲ್ಲಿ ಸೋತ ಮೆಕ್‌ಗವರ್ನ್ ಜೊತೆ ಉಪಾಧ್ಯಕ್ಷ ಪದವಿಗೆ ನಿಂತ ಈಗಲ್‌ಟನ್ ಮೂರು ವಾರ ತುಂಬೋದರೊಳಗೆ ಹಿಂದೆ ಸರಿದ. ಇನ್ನು ಸಿಗಲ್ಲ ಅಂತ ಜನ ಆ ಬಟನ್ ಬಾಚಿಟ್ಟುಕೊಂಡರು. ಎಲ್ಲರ ಮನೇಲೂ ಇದ್ದಮೇಲೆ ಕೊಳ್ಳೋರು ಯಾರು?"

ನನಗಂತೂ ಈ ಲೆಕ್ಕ ಕೇಳಿ ಖುಷಿಯಾಯಿತು. ಮುಂದಾಲೋಚನೆ ಮಾಡಿದವರೆಲ್ಲ ಸೇರಿಯೇ ಬೆಲೆ ಕೆಡಿಸಿದ್ದಾರೆ!

ಆಮೇಲೆ ಮಾತು 1940ಕ್ಕೆ ಹಾರಿತು. ಅದೇ ರೂಸ್‌ವೆಲ್ಟ್ ಅಷ್ಟರಲ್ಲಿ ಎರಡು ಸಲ ಅಧ್ಯಕ್ಷನಾಗಿ ಮೂರನೇ ಸಲಕ್ಕೆ ನಿಂತಿದ್ದ. ಎದುರಾಳಿ ವಿಲ್ಕಿ ಕಡೆಯವರು ಬಟನ್ ಮೇಲೇ ಜಗಳಕ್ಕೆ ನಿಂತರು. ಒಂದರ ಮೇಲಂತೂ 'ನಮಗೆ ಎಲೀನರ್ ಕೂಡ ಬೇಡ' ಅಂತ ಬರೆಸಿದ್ದರು. ಎಲೀನರ್ ಅಂದರೆ ರೂಸ್‌ವೆಲ್ಟ್‌ನ ಹೆಂಡತಿ.

"ಗಂಡ ಚುನಾವಣೆಗೆ ನಿಂತರೆ ಅವಳೇನ್ರೀ ಮಾಡಿದ್ಲು?" ಗಿರಿಜಾ ರೇಗಿದಳು. "ಸೋತರೋ ಇಲ್ವೋ?"

"ಸೋತರು."

"ಸರಿಯಾಯ್ತು."

ಈ ಪಿನ್ನಿನ ಬಟನ್ ಶುರುವಾಗಿದ್ದು 1896ರಲ್ಲಿ, ಇಲ್ಲೇ ಪಕ್ಕದ ನ್ಯೂವಾರ್ಕ್‌ನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿಯಿಂದ. ಅದಕ್ಕೂ ಮುಂಚೆ, 1789ರಲ್ಲಿ, ವಾಷಿಂಗ್ಟನ್ ಹೆಸರಲ್ಲಿ ಬಂದಿದ್ದು ನಿಜವಾಗಿಯೂ ಕೋಟಿಗೆ ಹೊಲಿಯುವ ಗುಂಡಿ.

"1896ರಲ್ಲಿ ಸೋಪಿನ ಮಗುವೂ ಇತ್ತು," ಎಂದ ಪ್ರಭಾಕರ. "ಪುಟ್ಟ ಡಬ್ಬಿಯಲ್ಲಿ ಮಲಗಿಸಿದ ಸೋಪಿನ ಬೊಂಬೆ. ಜೊತೆಗೊಂದು ಚೀಟಿ: ನಮ್ಮಪ್ಪನ ಓಟು ಮೆಕಿನ್ಲಿಗೆ. ಆ ವರ್ಷ ಅಧ್ಯಕ್ಷ ಪದವಿಗೆ ನಿಂತಿದ್ದವನು ಈ ಮೆಕಿನ್ಲಿ."

"ಅದು ಈಗಲೂ ನೊರೆ ಬರುತ್ತಾ?" ಶೀನ ಕೇಳಿದ.

"ಯಾರಪ್ಪಾ ನೀರು ತಾಗಿಸ್ತಾರೆ? ಬೆಲೆ ಕರಗಿಹೋಗಲ್ವಾ!"