ಟ್ರ್ಯಾಕ್‌ನಲ್ಲಿ ಬೇರೆಯವರು ದಾಟಿ ಹೋಗುವಾಗ ಗಮನ ಕದಡದಿರಲು ಏನು ಮಾಡುತ್ತೀರಿ?

ಪ್ರಶ್ನೆ: ಇದುವರೆಗೆ ಮೂರು ಬಾರಿ ಟ್ರ್ಯಾಕ್‌ನಲ್ಲಿ ಬೈಕ್ ಓಡಿಸಿದ್ದೇನೆ. ಸುತ್ತಮುತ್ತ ಯಾರೂ ಇಲ್ಲದಾಗ ನನ್ನ ಲೈನ್ (ತಿರುವುಗಳಲ್ಲಿ ಬೈಕ್ ಸಾಗಬೇಕಾದ ದಾರಿ) ತಕ್ಕಮಟ್ಟಿಗೆ ಸರಿಯಾಗಿಯೇ ಬರುತ್ತದೆ. ಆದರೆ ಯಾರಾದರೂ ಪಕ್ಕದಿಂದ ದಾಟಿ ಹೋದರೆ ಮುಂದಿನ ಎರಡು ಮೂರು ತಿರುವುಗಳು ಕೆಟ್ಟವೆಂದೇ ಲೆಕ್ಕ. ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲ ವರ್ಷವೆಲ್ಲ ನನಗೂ ಹೀಗೆಯೇ ಆಗುತ್ತಿತ್ತು, ಅದಕ್ಕೆ ಕಾರಣ ನನ್ನ ಅಂಜಿಕೆಯೆಂದೇ ತಿಳಿದಿದ್ದೆ. ಆಮೇಲೆ ಗಮನಿಸಿದಾಗ ಕಂಡದ್ದು, ದಾಟಿ ಹೋದ ಬೈಕಿನ ಹಿಂದಿನ ಚಕ್ರಕ್ಕೆ ನನ್ನ ಕಣ್ಣು ಅಂಟಿಕೊಳ್ಳುತ್ತಿತ್ತು. ನೋಟ ಎತ್ತಲೋ ಬೈಕೂ ಅತ್ತಲೇ ಸಾಗುವುದರಿಂದ, ನಮಗರಿವಿಲ್ಲದೆಯೇ ಮುಂದಿನವರ ಲೈನನ್ನೂ, ಅದಕ್ಕಿಂತ ಅಪಾಯಕಾರಿಯಾಗಿ ಅವರು ಬ್ರೇಕ್ ಹಿಡಿಯುವ ಜಾಗವನ್ನೂ ನಮ್ಮದೆಂದುಕೊಂಡುಬಿಡುತ್ತೇವೆ. ಒಮ್ಮೆ ಉದ್ದನೆಯ ನೇರ ಭಾಗದ ಕೊನೆಯಲ್ಲಿ ಒಬ್ಬರು ನನ್ನನ್ನು ದಾಟಿದರು. ಅವರು ಬ್ರೇಕ್ ಹಿಡಿಯುವವರೆಗೆ ನಾನೂ ಹಿಡಿಯಲಿಲ್ಲ. ಗಂಟೆಗೆ 100 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅರ್ಧ ಸೆಕೆಂಡ್ ತಡವಾದರೂ 14 ಮೀಟರ್ ಕೈತಪ್ಪುತ್ತದೆ. ನೇರವಾಗಿ ಜಲ್ಲಿಗೆ ಇಳಿದೆ. ಬೀಳಲಿಲ್ಲ ಎಂಬುದಷ್ಟೇ ಸಮಾಧಾನ.

ಅಂದಿನಿಂದ ನನ್ನ ಗುರುತುಗಳನ್ನು ಹೆಲ್ಮೆಟ್ಟಿನೊಳಗೆ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ: ‘ಫಲಕ, ಬ್ರೇಕ್, ತಿರುಗು, ಏಪೆಕ್ಸ್, ಹೊರಗೆ’ (ಏಪೆಕ್ಸ್ ಎಂದರೆ ತಿರುವಿನ ಒಳ ಅಂಚಿಗೆ ಅತಿ ಹತ್ತಿರವಾಗುವ ಜಾಗ). ಕೇಳಿದವರು ನಗಬಹುದು, ಆದರೆ ಮುಂದಿನ ಗುರುತಿನ ಹೆಸರು ನಾಲಿಗೆಯ ಮೇಲಿರುವಾಗ ಕಣ್ಣು ಅದನ್ನೇ ಹುಡುಕುತ್ತದೆ. ದಾಟಿದ ಬೈಕ್ ಅಂಚಿನಲ್ಲೆಲ್ಲೋ ಕಾಣುತ್ತಿದ್ದರೂ ಸೆಳೆಯುವುದಿಲ್ಲ.

ಉತ್ತರ 2: ಹೊಸಬರಿಗೆ ಕಲಿಸುವವನಾಗಿ ಒಂದು ಮಾತು ಸೇರಿಸುತ್ತೇನೆ. ಸುರಕ್ಷಿತವಾಗಿ ದಾಟುವ ಹೊಣೆ ದಾಟುವವರದು. ಹಿಂದಿನವರು ನಿಮ್ಮ ಲೈನನ್ನು ನೋಡಿ ಮುಂದೆ ನೀವು ಎಲ್ಲಿರುತ್ತೀರಿ ಎಂದು ಅಂದಾಜಿಸಿಯೇ ನುಗ್ಗುತ್ತಾರೆ. ಉಪಕಾರ ಮಾಡುವೆನೆಂದು ನೀವು ಪಕ್ಕಕ್ಕೆ ಸರಿದರೆ ಅವರು ಆರಿಸಿಕೊಂಡಿದ್ದ ಜಾಗಕ್ಕೇ ನೀವು ಹೋಗಿ ನಿಂತಂತಾಗುತ್ತದೆ. ಬೈಕ್ ವಾಲಿರುವಾಗ ಗಾಬರಿಯಿಂದ ಥ್ರಾಟಲ್ ಮುಚ್ಚಿದರಂತೂ ಭಾರ ಮುಂದಿನ ಚಕ್ರದ ಮೇಲೆ ಬಿದ್ದು, ಬೈಕಿನ ಹಿಡಿತವೂ ದಾರಿಯೂ ಎರಡೂ ಬದಲಾಗುತ್ತವೆ. ಹಿಂತಿರುಗಿ ನೋಡುವ ಅಭ್ಯಾಸವನ್ನೂ ಬಿಡಿ. ನೀಲಿ ಬಾವುಟ ಕಂಡರೆ ಹಿಂದೆ ವೇಗದವರಿದ್ದಾರೆ ಎಂದು ತಿಳಿದುಕೊಂಡು, ನಿಮ್ಮ ಲೈನಿನಲ್ಲೇ ಸಾಗಿ.

ಉತ್ತರ 3: ನನ್ನ ಮಟ್ಟಿಗೆ ತೊಂದರೆ ಕೈಯಲ್ಲಿತ್ತು. ಹಿಂದಿನಿಂದ ಎಂಜಿನ್ ಸದ್ದು ಕೇಳುತ್ತಲೇ ಹ್ಯಾಂಡಲ್ ಮೇಲಿನ ಮುಷ್ಟಿ ಬಿಗಿಯಾಗಿ ಬೈಕ್ ತಿರುಗಲು ಒಪ್ಪುತ್ತಿರಲಿಲ್ಲ. ಈಗ ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು ಮೊಣಕೈಗಳನ್ನು ಸಡಿಲ ಬಿಡುತ್ತೇನೆ. ಮೊದಲ ಉತ್ತರದವರು ಒಪ್ಪದಿರಬಹುದು, ಆದರೂ ದಾಟಿದವರಿಂದ ಕಲಿಯುವುದಿದೆ. ಅವರು ಎಲ್ಲಿ ತಿರುಗಿದರೆಂದು ನೋಡಿಟ್ಟುಕೊಂಡು, ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಬೈಕ್ ನಿಲ್ಲಿಸುವ ಜಾಗಕ್ಕೆ) ಮರಳಿದ ಮೇಲೆ ಯೋಚಿಸುತ್ತೇನೆ, ಅದೇ ಸುತ್ತಿನಲ್ಲಿ ಅನುಕರಿಸಲು ಹೋಗುವುದಿಲ್ಲ. ಗುಂಪಾಗಿ ಬಂದು ಸುತ್ತುವರಿದರೆ, ಸನ್ನೆ ಕೊಟ್ಟು ಒಮ್ಮೆ ಪಿಟ್ ದಾರಿಯಿಂದ ಹಾದು ಬರುತ್ತೇನೆ. ಮರಳುವಷ್ಟರಲ್ಲಿ ಅವರೆಲ್ಲ ಮುಂದೆ ಹೋಗಿ ಟ್ರ್ಯಾಕ್ ಖಾಲಿಯಾಗಿರುತ್ತದೆ.