ಪದಚರ್ಚೆ: ‘ನಾಲಿಗೆ ಭಾರ’ ಬೇಡ, ‘ಮೂಕಿಭಾರ’ ನಡೆದೀತಾ?

ಗೆಳೆಯರೇ,

ಒಂದು ಅನುವಾದದಲ್ಲಿ, ಅದರಲ್ಲೂ ಟ್ರೇಲರಿನ ‘ಟಂಗ್ ವೇಟ್’ ಎಂಬ ಇಂಗ್ಲಿಷ್ ಪದದಲ್ಲಿ ಸಿಕ್ಕಿಬಿದ್ದಿದ್ದೇನೆ. ನಮ್ಮ ಅಕ್ಕನ ಮಗ ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ಹೋದ ಚಳಿಗಾಲದಲ್ಲಿ ಅವನೂ ಗೆಳೆಯನೊಬ್ಬನೂ ಎರಡು ಸ್ನೋಮೊಬೈಲ್‌ಗಳನ್ನು ಟ್ರೇಲರ್ ಮೇಲೆ ಹಾಕಿಕೊಂಡು ಮಿನಿಯಾಪೊಲಿಸ್‌ನಿಂದ ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್‌ಗೆ ಹೋಗಿಬಂದರು. ಹೋಗೋದೇ ಸುಮಾರು 1,700 ಕಿ.ಮೀ. ನಾವು ಹುಬ್ಬಳ್ಳಿಯಿಂದ ದಿಲ್ಲಿ ಹತ್ತಿರ ಹತ್ತಿರ ಹೋದಂತೆ. ಅದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದಾನೆ. ಕೆಳಗೆ ಒಂದು ಸಾಲು: “ಮಾಮಾ, ಇದನ್ನ ಆಯಿಗೆ ಓದಿ ಹೇಳೂಹಂಗ ಕನ್ನಡ ಮಾಡಿ ಕೊಡ್ರಿ.”

ಆಯಿ ಅಂದರೆ ನಮ್ಮವ್ವ. ನವಲಗುಂದದ ಕಡೆಯ ಹಳ್ಳಿಯಲ್ಲಿ ಚಕ್ಕಡಿ ಹತ್ತಿ ಇಳಿದು ಬೆಳೆದವಳು. ಹಿಮ ಕಂಡಿದ್ದು ಟಿ.ವಿ.ಯಲ್ಲಿ ಮಾತ್ರ.

ಸ್ನೋಮೊಬೈಲ್ ಎಂಬ ಹೆಸರನ್ನು ಹಾಗೇ ಬಿಟ್ಟಿದ್ದೇನೆ. ‘ಹಿಮವಾಹನ’ ಅಂದರೆ ಹಿಮ ಬಾಚುವ ಲಾರಿಯೂ ಆಗಬಹುದು. ಇದು ಹಾಗಲ್ಲ. ಮುಂದೆ ಹಿಮದ ಮೇಲೆ ಜಾರುವ ಎರಡು ಸ್ಕೀ ಪಟ್ಟಿ, ಹಿಂದೆ ಅಗಲವಾದ ರಬ್ಬರ್ ಪಟ್ಟಾ, ಮೇಲೆ ಬೈಕಿನ ಹಾಗೆ ಸೀಟು, ಹ್ಯಾಂಡಲ್. ಅಲ್ಲಿಯವರಿಗೂ ಹೆಸರು ಒಂದೇ ಇಲ್ಲ. ಮಿನ್ನೆಸೋಟದವರು ಸ್ಲೆಡ್ ಅನ್ನುತ್ತಾರೆ, ಅಲಾಸ್ಕಾದವರು ಸ್ನೋ ಮಷೀನ್ ಅನ್ನುತ್ತಾರೆ. ಕೆನಡಾದಲ್ಲಿ ಬಹಳ ಜನಕ್ಕೆ ಅದು ಸ್ಕೀ-ಡೂ, ನಾವು ಯಾವ ವನಸ್ಪತಿಗೂ ಡಾಲ್ಡಾ ಅಂದ ಹಾಗೆ. ಕ್ವಿಬೆಕ್‌ನ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೇ 1959ರಲ್ಲಿ ಮಾರಾಟಕ್ಕೆ ತಂದ ಗಾಡಿಯ ಹೆಸರು ಅದು. ಸ್ಕೀ-ಡಾಗ್ ಎಂದು ಇಡಬೇಕಿದ್ದದ್ದು ಒಂದಕ್ಷರ ತಪ್ಪಿ ಸ್ಕೀ-ಡೂ ಆಯಿತು ಅಂತ ಕಥೆ ಇದೆ. ಪ್ರೂಫ್ ನೋಡಿ ಹೊಟ್ಟೆ ಹೊರೆಯುವ ನನಗೆ ಈ ಕಥೆ ಯಾಕೋ ಬಹಳ ಹಿಡಿಸಿತು.

ಹುಡುಗ ಎಲ್ಲ ಕಡೆ ‘ಸ್ಲೆಡ್’ ಎಂದೇ ಬರೆದಿದ್ದಾನೆ. ನಿಘಂಟು ನೋಡಿ ‘ಜಾರುಬಂಡಿ’ ಅಂತ ಹಾಕಿದೆ. ಅವ್ವ ನಕ್ಕಳು. “ಜಾರಬಂಡಿ ಹೇರಿಕೊಂಡು ಅಷ್ಟು ದೂರ ಯಾಕ ಹೋದ್ರು? ಅಲ್ಲಿ ಪಾರ್ಕಿನ್ಯಾಗ ಇರಲಿಲ್ಲೇನು?” ಸರಿಯೇ, ಮಕ್ಕಳು ಜಾರುವುದಕ್ಕೇ ಅಲ್ವಾ ಆ ಹೆಸರು ಇರೋದು. ನನಗೆ ಕಾಣುವಂತೆ ಅದರಲ್ಲಿರುವ ಬಂಡಿ ಗಾಡಿಯೂ ಅಲ್ಲ. ಮೊದಲು ಜಾರುಬಂಡೆ. ಮನೆಯನ್ನು ಮನಿ, ಬಾಡಿಗೆಯನ್ನು ಬಾಡಿಗಿ ಮಾಡುವ ನಮ್ಮ ಬಾಯಲ್ಲಿ ಬಂಡೆ ಬಂಡಿಯಾಗೋದು ಏನು ದೊಡ್ಡದು?

ಆಮೇಲೆ ಕ್ರಿಯಾಪದ. ‘ಸಾಗಾಟ’ ಎಂದು ಬರೆದ ತಕ್ಷಣ ಹಿಂದೆ ‘ಅಕ್ರಮ’ ತಾನಾಗಿ ಬಂದು ನಿಲ್ಲುತ್ತದೆ. ಪೇಪರಿನಲ್ಲಿ ಪಡಿತರ ಅಕ್ಕಿ, ಮರಳು, ಸಾರಾಯಿ ಬಿಟ್ಟರೆ ಬೇರೆ ಯಾವುದರ ಸಾಗಾಟವನ್ನು ಓದಿದ್ದೇವೆ ಹೇಳಿ. ಹುಬ್ಬಳ್ಳಿ ಸ್ಟೇಷನ್ನಿನಿಂದ ಬೈಕ್ ಕಳಿಸುವವರು ‘ಪಾರ್ಸೆಲ್ ಹಾಕಿದೆ’ ಅನ್ನುತ್ತಾರೆ. ಅಲ್ಲಿ ಪೆಟ್ರೋಲ್ ಖಾಲಿ ಮಾಡಿ, ಗೋಣಿಚೀಲ ಸುತ್ತಿ, ರೈಲಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತೇವೆ. ಇವರದು ಹಾಗಲ್ಲ, ತಾವೇ ಹೇರಿ ತಾವೇ ಎಳೆದುಕೊಂಡು ಹೋಗೋದು. ಹಾಗಾಗಿ ಸ್ಲೆಡ್ಡನ್ನು ‘ಹೇರು’, ಟ್ರೇಲರನ್ನು ‘ಎಳೆ’ ಎಂದು ಬೇರೆ ಬೇರೆ ಇಟ್ಟೆ. ಮೇಲೆ ನೋಡಿದಿರಲ್ಲ, ಅವ್ವನ ಬಾಯಲ್ಲೂ ‘ಹೇರಿಕೊಂಡು’ ಅಂತಲೇ ಬಂತು.

ಈಗ ನಿಜವಾದ ತೊಡಕು. ಟ್ರೇಲರಿನ ಮುಂದೆ ಚಾಚಿರುವ, ಕಾರಿನ ಹಿಂದಿರುವ ಲೋಹದ ಗುಂಡಿನ ಮೇಲೆ ಕೂಡಿಸುವ ಕಬ್ಬಿಣದ ತೊಲೆಗೆ ಇಂಗ್ಲಿಷಿನಲ್ಲಿ ಟಂಗ್, ಅಂದರೆ ನಾಲಿಗೆ ಎಂದು ಹೆಸರು. ಅದು ಆ ಗುಂಡಿನ ಮೇಲೆ ಎಷ್ಟು ಭಾರ ಊರುತ್ತದೋ ಅದು ಟಂಗ್ ವೇಟ್. ಹೇರಿದ ಟ್ರೇಲರಿನ ಒಟ್ಟು ತೂಕದಲ್ಲಿ ಇದು ನೂರಕ್ಕೆ 10ರಿಂದ 15 ಇರಬೇಕು. ಟ್ರೇಲರು, ಎರಡು ಸ್ಲೆಡ್ಡು, ಪೆಟ್ಟಿಗೆ ಎಲ್ಲ ಸೇರಿ 750 ಕೆ.ಜಿ. ಅಂತ ಇಟ್ಟುಕೊಳ್ಳಿ. ಮುಂದೆ 75ರಿಂದ 110 ಕೆ.ಜಿ. ಊರಬೇಕು. ನಮ್ಮ ಲೆಕ್ಕದಲ್ಲಿ ಒಂದು ಕ್ವಿಂಟಲ್ ಜೋಳದ ಚೀಲ. ಅದಕ್ಕಿಂತ ಬಹಳ ಕಡಿಮೆಯಾದರೆ, ಅಂದರೆ ಭಾರವೆಲ್ಲ ಅಚ್ಚಿನ ಹಿಂದಕ್ಕೆ ಬಿದ್ದರೆ, ಟ್ರೇಲರು ಎಡಕ್ಕೆ ಬಲಕ್ಕೆ ಬೀಸತೊಡಗುತ್ತದೆ. ಗಾಳಿ ಒಂದು ಸಲ ತಳ್ಳಿದರೆ ಸಾಕು, ಬೀಸು ಜಾಸ್ತಿಯಾಗುತ್ತಲೇ ಹೋಗುತ್ತದೆ.

ಇವರಿಗೂ ನಾರ್ತ್ ಡಕೋಟಾದ ಬಯಲಿನಲ್ಲಿ ಅದೇ ಆಯಿತು. ಪೆಟ್ರೋಲ್ ಡಬ್ಬಿ, ಹತ್ಯಾರಗಳ ಪೆಟ್ಟಿಗೆ ಎಲ್ಲ ಟ್ರೇಲರಿನ ಹಿಂಬದಿಗೆ ಕಟ್ಟಿದ್ದರು. ಅಡ್ಡಗಾಳಿ ಬಂತು. ಕನ್ನಡಿಯಲ್ಲಿ ನೋಡಿದರೆ ಒಮ್ಮೆ ಎಡಗಡೆ ಸ್ಲೆಡ್ಡು ಕಾಣುತ್ತದೆ, ಒಮ್ಮೆ ಬಲಗಡೆದು. ಪುಣ್ಯಕ್ಕೆ ಜೋರಾಗಿ ಬ್ರೇಕ್ ಹಾಕಲಿಲ್ಲ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು ನಿಲ್ಲಿಸಿ, ಪೆಟ್ಟಿಗೆ, ಡಬ್ಬಿ ಮುಂದಕ್ಕೆ ತಂದು, ಸ್ಲೆಡ್ಡುಗಳನ್ನೂ ಒಂದು ಗೇಣು ಮುಂದೆ ಸರಿಸಿ ಬಿಗಿದರು.

ಇಷ್ಟನ್ನೂ ಮೊದಲ ಸಲ ‘ನಾಲಿಗೆ ಭಾರ ಕಡಿಮೆ ಇತ್ತು’ ಎಂದು ಬರೆದು ಅವ್ವನ ಮುಂದೆ ಓದಿದೆ. ಆಕೆ ಗಾಬರಿಯಾದಳು. “ನಾಲಿಗಿ ಭಾರ? ಯಾಕ, ಯಾರಿಗರ ಲಕ್ವಾ ಹೊಡೀತೇನು?” ಫೋಟೋ ತೋರಿಸಿದೆ. ಚಷ್ಮಾ ಏರಿಸಿ ನೋಡಿದಳು. ಬೆರಳು ನೇರವಾಗಿ ಆ ತೊಲೆಯ ಮೇಲೆ ಇಟ್ಟಳು. “ಇದು ಮೂಕಿ ಅಲ್ಲೇನು? ಹಿಂದ ಹೇರಿದ್ರ ಮೂಕಿ ಮ್ಯಾಲ ಏಳತೈತಿ. ಹಿಂಭಾರ ಆಗೇತಿ ಅನ್ನು, ಮುಗೀತು.”

ಚಕ್ಕಡಿಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಕೂಡುವ ಮರವೇ ಮೂಕಿ. ನನ್ನ ಅರ್ಧ ತಾಸಿನ ತಿಣುಕಾಟ ಅಲ್ಲಿಗೆ ಬಗೆಹರಿಯಿತು ಅಂದುಕೊಂಡೆ. ಪೂರ್ತಿ ಬಗೆಹರಿಯಲಿಲ್ಲ.

‘ಹಿಂಭಾರ’ಕ್ಕೆ ಜೋಡಿ ‘ಮುಂಭಾರ’. ಹಾಗಾದರೆ ಟಂಗ್ ವೇಟ್ ಅಂದರೆ ಮುಂಭಾರ ಅಂದುಬಿಡೋಣ ಅನ್ನಿಸುತ್ತದೆ. ಆದರೆ ಚಕ್ಕಡಿ ಹೊಡೆಯುವವರ ಬಾಯಲ್ಲಿ ಎರಡೂ ದೂರುಗಳು. ‘ಗಾಡಿ ಮುಂಭಾರ ಆಗೇತಿ’ ಅಂದರೆ ಎತ್ತಿನ ಹೆಗಲು ಒತ್ತುತ್ತಿದೆ, ಚೀಲ ಹಿಂದೆ ಸರಿಸು ಅಂತ. ‘ಮುಂಭಾರ ನೂರಕ್ಕೆ ಹತ್ತು ಇಡಬೇಕು’ ಅಂದರೆ ತಪ್ಪನ್ನು ನೂರಕ್ಕೆ ಹತ್ತರಷ್ಟು ಮಾಡು ಅಂದ ಹಾಗೆ ಕೇಳುತ್ತದೆ. ನನಗೆ ಬೇಕಾದದ್ದು ದೂರಲ್ಲ, ಅಳತೆ. ಅದಕ್ಕೇ ‘ಮೂಕಿಭಾರ’ ಎಂದು ಕೂಡಿಸಿದೆ. ಮೂಕಿಭಾರ ಕಡಿಮೆಯಾಯಿತು, ಟ್ರೇಲರು ಹಿಂಭಾರವಾಯಿತು. ಎರಡೂ ಪದ ತಮ್ಮ ತಮ್ಮ ಜಾಗದಲ್ಲಿ ಕೂತವು ಅನ್ನಿಸಿತು.

ಗಬ್ಬೂರಿನ ಹತ್ತಿರ ಟ್ರ್ಯಾಕ್ಟರ್ ಟ್ರೇಲರ್ ವೆಲ್ಡಿಂಗ್ ಮಾಡುವ ಮಿಸ್ತ್ರಿಯೊಬ್ಬರಿಗೂ ಕೇಳಿದೆ. ಮೂಕಿ ಅಂದ ಕೂಡಲೇ ತಿಳಿಯಿತು. ಅವರ ಹತ್ತಿರ ಕೆಲಸ ಕಲಿಯುವ ಹುಡುಗನಿಗೆ ತಿಳಿಯಲಿಲ್ಲ. “ಮೂಕಿ ಅಂದ್ರ ಮಾತ ಬರಲಾರದಾಕಿ ಅಲ್ಲೇನ್ರಿ?” ಅಂದ. ನನ್ನ ಅಳುಕು ಇಲ್ಲೇ ಇರೋದು. ಇಪ್ಪತ್ತೈದರ ಒಳಗಿನವರಿಗೆ ಮೂಕಿ ಅಂದರೆ ಮೂಕ ಹೆಂಗಸು, ಇಲ್ಲವೇ ಮಾತಿಲ್ಲದ ಹಳೇ ಸಿನಿಮಾ. ‘ನೊಗಭಾರ’ ಅನ್ನಬಹುದಿತ್ತು. ಆದರೆ ನೊಗ ಅಂದರೆ ಈಗ ಸಂಸಾರವೇ ಕಣ್ಣಿಗೆ ಬರುತ್ತದೆ, ಗಾಡಿ ಬರುವುದಿಲ್ಲ. ಮೇಲಾಗಿ ಇಲ್ಲಿ ನೊಗವೇ ಇಲ್ಲ, ಗುಂಡು ಇದೆ.

ಇನ್ನೊಂದು ಪದ. ಟ್ರೇಲರು ಬೀಸುವುದಕ್ಕೆ ಅದೇ ಮಿಸ್ತ್ರಿ ಸುಮ್ನೆ ಸಹಜವಾಗಿ “ಜೋಲಿ ಹೊಡೀತೈತಿ” ಅಂದರು. ಆ ಪದ ಕಚ್ಚಿ ಹಿಡಿದುಕೊಂಡಿದ್ದೇನೆ. ನಮ್ಮ ಕಡೆ ತೋಲ ತಪ್ಪಿ ವಾಲಿದರೆ ಜೋಲಿ ಹೊಡೆಯೋದು, ಕುಡಿದವನಾಗಲಿ, ಕಬ್ಬಿನ ಟ್ರ್ಯಾಕ್ಟರ್ ಆಗಲಿ. ಮೈಸೂರು, ಶಿವಮೊಗ್ಗ ಕಡೆಯವರಿಗೆ ಜೋಲಿ ಅಂದರೆ ಕೂಸಿನ ಬಟ್ಟೆ ತೊಟ್ಟಿಲು ಮಾತ್ರವೇ? ಕೇಳಲು ಕಾರಣ ಇದೆ. ಟ್ರೇಲರಿನ ಮೂಕಿಯ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ದಾಟಿಸಿ ಕಾರಿಗೆ ಸಿಕ್ಕಿಸಿರುತ್ತಾರೆ. ಗುಂಡಿನಿಂದ ಕಳಚಿದರೂ ಮೂಕಿ ರಸ್ತೆಗೆ ನಾಟದೆ ಆ ಸರಪಳಿಗಳ ಮೇಲೆ ಬಂದು ಕೂರುತ್ತದೆ. ಇದನ್ನು ‘ಸರಪಳಿಯ ಜೋಲಿ’ ಎಂದು ಬರೆದಿದ್ದೇನೆ. ಒಂದೇ ಪುಟದಲ್ಲಿ ಟ್ರೇಲರು ಜೋಲಿ ಹೊಡೆದು, ಅದರ ಕೆಳಗೇ ಜೋಲಿ ಕಟ್ಟಿದರೆ ಓದುವವರು ತಬ್ಬಿಬ್ಬಾಗುತ್ತಾರಾ?

ಉಳಿದದ್ದು ಸಲೀಸು. ರಸ್ತೆಗೆ ಉದುರಿಸಿದ ಉಪ್ಪು ಸಿಡಿಯದಂತೆ ಸ್ಲೆಡ್ಡಿನ ಮೇಲೆ ಹೊದಿಸುವುದು ತಾಡಪತ್ರಿ. ಗಾಲಿಯ ಬೇರಿಂಗಿಗೆ ಹಾಕುವುದಕ್ಕೆ ಗ್ರೀಸ್ ಎಂದೇ ಬರೆದಿದ್ದೆ. ಪೆಟ್ರೋಲ್ ಹಾಕಿಸಲು ನಿಂತಾಗಲೆಲ್ಲ ಗಾಲಿಯ ನಡುವೆ ಕೈಯಿಟ್ಟು ಬಿಸಿ ನೋಡುತ್ತಾರೆ ಎಂಬಲ್ಲಿ ಅವ್ವ ತಡೆದು “ಕೀಲೆಣ್ಣಿ ಹಾಕಿರಲಿಲ್ಲೇನು?” ಅಂದಳು. ಕೀಲೆಣ್ಣೆ ಎಂದು ತಿದ್ದಿದೆ.

ಗದಗ, ಹಾವೇರಿ ಕಡೆಯವರು ಮೂಕಿ ಅಂತಲೇ ಅನ್ನುತ್ತೀರಾ, ಬೇರೆ ಹೆಸರಿದೆಯಾ? ಎತ್ತು ಬಿಚ್ಚಿದ ಮೇಲೆ ಮೂಕಿ ನೆಲಕ್ಕೆ ತಾಗದ ಹಾಗೆ ಕೆಳಗೆ ಕೊಡುವ ಕೋಲಿಗೆ ನಿಮ್ಮೂರಲ್ಲಿ ಏನಂತಾರೆ, ಅದನ್ನೂ ಬರೆಯಿರಿ. ಟ್ರೇಲರಿನ ಮುಂದೆಯೂ ತಿರುವಿದರೆ ಇಳಿಯುವ ಅಂಥದೇ ಒಂದು ಕಾಲು ಇದೆ. ಸದ್ಯಕ್ಕೆ ‘ಊರುಗೋಲು’ ಅಂತ ಬರೆದಿದ್ದೇನೆ, ಅವ್ವ ಇನ್ನೂ ಒಪ್ಪಿಲ್ಲ.