ಪದಚರ್ಚೆ: ಹಾರ್ಮೋನ್ ಬ್ಲಾಕರ್‌ಗೆ ಕನ್ನಡದಲ್ಲಿ ಏನನ್ನೋದು? (ಅರ್ಜೆಂಟ್)

ಎಲ್ರಿಗೂ ನಮಸ್ಕಾರ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಔಷಧಿ ತಗೋತಿರೋರಿಗೆ ಅಂತ ಒಂದು ಕರಪತ್ರ ಕನ್ನಡಕ್ಕೆ ಮಾಡ್ತಿದ್ದೀನಿ, ನಾಳೆ ಬೆಳಿಗ್ಗೆ ಪ್ರೆಸ್‌ಗೆ ಹೋಗ್ಬೇಕು, ತಲೆಬರಹದಲ್ಲೇ ಸಿಕ್ಕಾಕೊಂಡಿದ್ದೀನಿ. ಲ್ಯುಪ್ರೊಲೈಡ್, ಡೆಗರೆಲಿಕ್ಸ್ ಇಂಜೆಕ್ಷನ್, ಬೈಕಾಲುಟಮೈಡ್ ಮಾತ್ರೆ, ಇವೆಲ್ಲಕ್ಕೂ ಸೇರಿ ಒಂದು ಹೆಸರು ಬೇಕು. ನಾನು ‘ಹಾರ್ಮೋನ್ ನಿರೋಧಕ’ ಅಂತ ಹಾಕಿದ್ದೆ, ‘ಹಾರ್ಮೋನ್ ಚಿಕಿತ್ಸೆ’ ಅಂದ್ರೆ ಸಾಕು ಅಂತ ಇಲ್ಲಿನ ಡಾಕ್ಟರ್ ಹೇಳ್ತಾರೆ. ಓದೋರು ತೋಟದೋರು, ಲೈನ್ ಮನೆಯೋರು, ಹೆಚ್ಚಿನೋರು ವಯಸ್ಸಾದೋರು. ಯಾವುದಿಡಲಿ?
– ಗೋಣಿಕೊಪ್ಪದಿಂದ

ಎರಡೂ ಬೇಡಮ್ಮ. ನಿರೋಧಕ ಸಂಸ್ಕೃತ, ಹಾರ್ಮೋನ್ ಗ್ರೀಕ್, ಕನ್ನಡ ಎಲ್ಲಿದೆ ಇದ್ರಲ್ಲಿ? ಹಾರ್ಮೋನ್ ಅನ್ನೋ ಪದನ 1905ರಲ್ಲಿ ಸ್ಟಾರ್ಲಿಂಗ್ ಬಳಕೆಗೆ ತಂದಿದ್ದು, ಅದರ ಗ್ರೀಕ್ ಬೇರಿಗೆ ಎಬ್ಬಿಸು, ಕೆರಳಿಸು ಅನ್ನೋ ಅರ್ಥ, ಹಾಗಾಗಿ ‘ಕೆರಳಿಕ’ ಅನ್ನಬಹುದು. ಪ್ರಾಸ್ಟೇಟ್ ಅಂದ್ರೂ ಗ್ರೀಕಲ್ಲಿ ‘ಮುಂದೆ ನಿಂತದ್ದು’, ಅದನ್ನೇ ಪುರಸ್ಥ ಗ್ರಂಥಿ ಅಂತ ಮಾಡಿಟ್ಟಿದ್ದಾರೆ, ನಾವು ‘ಮುಂಗಂತಿ’ ಅನ್ನೋಣ. ಕ್ಯಾನ್ಸರ್‌ಗೆ ಏಡಿಹುಣ್ಣು ಇದ್ದೇ ಇದೆ. ‘ಕೆರಳಿಕತಡೆ ಮದ್ದು’ ಅಂತ ಧೈರ್ಯವಾಗಿ ಹಾಕಿ, ಬಳಸ್ತಾ ಬಳಸ್ತಾ ಕೂರುತ್ತೆ.
– ಸೋಮವಾರಪೇಟೆಯಿಂದ

ಮೇಷ್ಟ್ರೇ, ಬೇರು ಹುಡುಕಿದ್ದು ಸರಿ, ಪದ ಬೇಡ. ನಾನು ಮಡಿಕೇರೀಲಿ ಔಷಧಿ ಕೊಡೋ ಕಡೆ ಕೂತಿರೋನು, ಈ ಚೀಟಿಗಳನ್ನ ದಿನಾ ನೋಡ್ತೀನಿ.

ಮೊದಲು ‘ನಿರೋಧಕ’ ತೆಗೀರಿ ಅಕ್ಕಾ. ಆಂಟಿಬಯಾಟಿಕ್ ನಿರೋಧಕ ಬ್ಯಾಕ್ಟೀರಿಯಾ ಅಂದ್ರೆ ಔಷಧಿಗೆ ಬಗ್ಗದೇ ಇರೋದು. ಈ ಕಾಯಿಲೇಲೂ ಮುಂದೆ ಅಂಥ ಹಂತ ಬರುತ್ತೆ, ಈ ಕ್ಯಾನ್ಸರನ್ನ ಬೆಳೆಸೋ ಹಾರ್ಮೋನ್ ಟೆಸ್ಟೋಸ್ಟಿರಾನ್ ತಳ ಕಂಡ್ರೂ ಕ್ಯಾನ್ಸರ್ ಬೆಳೀತಾ ಹೋಗುತ್ತೆ, ಅದಕ್ಕೂ ಪೇಪರ್‌ನೋರು ಹಾರ್ಮೋನ್ ನಿರೋಧಕ ಕ್ಯಾನ್ಸರ್ ಅಂತಲೇ ಬರೆದುಬಿಡ್ತಾರೆ. ಔಷಧಿಗೂ ಅದೇ ಹೆಸರು, ಔಷಧಿ ಸೋತಿದ್ದಕ್ಕೂ ಅದೇ ಹೆಸರು ಆದ್ರೆ ಮನೆಯೋರು ಏನು ಅರ್ಥ ಮಾಡ್ಕೋಬೇಕು?

‘ಹಾರ್ಮೋನ್ ಚಿಕಿತ್ಸೆ’ ಇನ್ನೂ ಕಷ್ಟ. ಥೈರಾಯ್ಡ್ ಮಾತ್ರೆ ಪ್ರತಿ ಮನೇಲೂ ಇದೆ, ಅದು ಹಾರ್ಮೋನ್ ಕೊಡೋದು. ಇದು ಕಸಿಯೋದು. ಹಾರ್ಮೋನ್ ಕೊಡ್ತಿದ್ದಾರೆ, ಶಕ್ತಿ ಬರುತ್ತೆ ಅಂದ್ಕೊಂಡೋರು ಸುಸ್ತು, ಮೈ ಬಿಸಿ, ಆಸೆ ಕಮ್ಮಿ ಆಗೋದು ಶುರುವಾದ ಕೂಡ್ಲೇ ಔಷಧಿ ಸರಿಯಿಲ್ಲ ಅಂತ ಬಿಟ್ಟುಬಿಡ್ತಾರೆ.

‘ಕೆರಳು’ನ ಬೇರೆ ಕಡೆಗೆ ಉಳಿಸಿಡಿ. ಲ್ಯುಪ್ರೊಲೈಡ್ ಥರದ ಇಂಜೆಕ್ಷನ್ ಶುರು ಮಾಡಿದಾಗ ಮೊದಲ ಒಂದೆರಡು ವಾರ ಟೆಸ್ಟೋಸ್ಟಿರಾನ್ ಇಳಿಯೋ ಬದಲು ಏರುತ್ತೆ, ಮೂಳೆನೋವು, ಮೂತ್ರ ಕಟ್ಟೋದು ಜೋರಾಗಬಹುದು, ಅದನ್ನ ‘ಕಾಯಿಲೆ ಕೆರಳೋದು’ ಅಂದ್ರೆ ಯಾರಿಗೂ ವಿವರಿಸೋದೇ ಬೇಡ. ಅದನ್ನ ತಡೆಯೋಕೆ ಅಂತಲೇ ಕೆಲವು ವಾರ ಬೈಕಾಲುಟಮೈಡ್ ಜೊತೆಗೆ ಕೊಡೋದು, ಡೆಗರೆಲಿಕ್ಸ್‌ಗೆ ಈ ಕಾಟ ಇಲ್ಲ. ಕಾಲಲ್ಲಿ ಶಕ್ತಿ ಹೋದ್ರೆ, ಮೂತ್ರ ಪೂರ್ತಿ ನಿಂತ್ರೆ ಅವತ್ತೇ ಆಸ್ಪತ್ರೆಗೆ ಅಂತ ದಪ್ಪಕ್ಷರದಲ್ಲಿ ಹಾಕಿ.

ಮದ್ದು ಅನ್ನೋದೂ ಬೇಡ, ಚಂದದ ಪದ ಆದ್ರೆ ಕೊಡಗಲ್ಲಿ ಮದ್ದು ಅಂದ್ರೆ ಕಣ್ಣಿಗೆ ಬರೋದು ಆಗಸ್ಟ್ ಶುರುವಲ್ಲಿ, ಕಕ್ಕಡ ತಿಂಗಳ ಹದಿನೆಂಟನೇ ದಿನ ತಿನ್ನೋ ಮದ್ದು ಸೊಪ್ಪು. ಅದರ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುತ್ತೆ, ಎಲ್ರಿಗೂ ಗೊತ್ತು. ಪ್ರಾಸ್ಟೇಟ್ ತೊಂದರೆ ಇರೋರು ಆಗಸ್ಟಲ್ಲಿ ರಕ್ತಾನೂ ಸೊಪ್ಪಿನ ಬಣ್ಣ ಅಂದ್ಕೊಂಡು ಸುಮ್ಮನಿರಬಹುದು. ಬಣ್ಣ ಮಾರನೇ ದಿನಾನೂ ಹೋಗ್ಲಿಲ್ಲ ಅಂದ್ರೆ ತೋರಿಸಿ ಅಂತ ಒಂದು ಸಾಲು ಸೇರಿಸಿ.

ನನ್ನ ಸಲಹೆ: ‘ಟೆಸ್ಟೋಸ್ಟಿರಾನ್ ಹಾರ್ಮೋನ್ ತಡೆಯುವ ಔಷಧಿ’. ‘ಪುರುಷ ಹಾರ್ಮೋನ್’ ಬೇಡ, ಗಂಡಸ್ತನ ತೆಗೀತಾರೆ ಅಂತ ತಲೆಬರಹ ನೋಡೇ ಮಡಚಿಡ್ತಾರೆ.
– ಮಡಿಕೇರಿಯಿಂದ

ಆರು ಅಕ್ಷರದ ಕೆರಳಿಕತಡೆ ಭಾರ, ಟೆಸ್ಟೋಸ್ಟಿರಾನ್ ಹಗುರ? ಹೀಗೆ ಪ್ರತಿ ಸಲ ಕೈಚೆಲ್ಲಿದ್ದಕ್ಕೇ ಕನ್ನಡದಲ್ಲಿ ವಿಜ್ಞಾನ ಬೆಳೀಲಿಲ್ಲ.
– ಸೋಮವಾರಪೇಟೆಯಿಂದ

ಭಾರ ಹಗುರದ ಪ್ರಶ್ನೆ ಅಲ್ಲ ಮೇಷ್ಟ್ರೇ. ಡಾಕ್ಟರ್ ಬಾಯಲ್ಲಿ, ಲ್ಯಾಬ್ ರಿಪೋರ್ಟಲ್ಲಿ ಟೆಸ್ಟೋಸ್ಟಿರಾನ್ ಅಂತಲೇ ಇರುತ್ತೆ, ಕರಪತ್ರದಲ್ಲಿ ಬೇರೆ ಇದ್ರೆ ರೋಗಿ ಎರಡನ್ನೂ ಹೇಗೆ ಜೋಡಿಸ್ತಾರೆ? ಕಾಫಿ, ಲೈನ್ ಮನೆ, ಲೆಕ್ಕ ಬರೆಯೋ ರೈಟರ್ ಇಲ್ಲದೆ ಒಂದು ದಿನ ತೋಟ ನಡೆಯುತ್ತಾ ಇಲ್ಲಿ? ಅವೆಲ್ಲ ಇದ್ದೂ ನಮ್ಮ ಮಾತು ಕನ್ನಡವಾಗೇ ಇದೆ, ಯಾಕಂದ್ರೆ ಕ್ರಿಯಾಪದ ನಮ್ಮದು. ‘ತಡೆಯುವ’ ಅನ್ನೋದೇ ಇಲ್ಲಿ ಕೆಲಸ ಮಾಡ್ತಿರೋದು.
– ಮಡಿಕೇರಿಯಿಂದ

‘ತಡೆ’ ಬಗ್ಗೆ ತಕರಾರಿಲ್ಲ. ಉಳಿದದ್ದು ಒಪ್ಪಲ್ಲ.
– ಸೋಮವಾರಪೇಟೆಯಿಂದ

ಇಬ್ರಿಗೂ ಧನ್ಯವಾದ. ‘ಟೆಸ್ಟೋಸ್ಟಿರಾನ್ ಹಾರ್ಮೋನ್ ತಡೆಯುವ ಔಷಧಿ: ಸುರಕ್ಷಿತ ಬಳಕೆ’ ಅಂತ ಇಟ್ಟೆ. ಕೆರಳೋದು, ಮದ್ದು ಸೊಪ್ಪು ಎರಡೂ ಸೇರಿಸಿದೆ. ಮೂರು ತಿಂಗಳ ಇಂಜೆಕ್ಷನ್ ಮಳೆಗಾಲದಲ್ಲಿ ಬಿದ್ರೆ ಘಾಟಿ ರಸ್ತೆ ಮುಚ್ಚೋ ಮೊದಲೇ ಡಾಕ್ಟರ್ ಹತ್ರ ತಾರೀಖು ಮಾತಾಡಿಟ್ಕೊಳ್ಳಿ, ಮೂಳೆ ಸವೆಯುತ್ತೆ ಅದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಕೇಳಿ, ಶುಗರ್ ನೋಡಿಸ್ತಿರಿ ಅಂತಲೂ ಬರೆದಿದ್ದೀನಿ. ಹಾಟ್ ಫ್ಲಶ್‌ಗೆ ಸದ್ಯಕ್ಕೆ ‘ಇದ್ದಕ್ಕಿದ್ದ ಹಾಗೆ ಮೈ ಬಿಸಿಯೇರಿ ಬೆವರೋದು’ ಅಂತಿದೆ, ಇದಕ್ಕಿಂತ ಚಿಕ್ಕದು ಯಾರ ಹತ್ರ ಇದ್ರೂ ರಾತ್ರಿ ಒಂಬತ್ತರೊಳಗೆ ತಿಳಿಸಿ.
– ಗೋಣಿಕೊಪ್ಪದಿಂದ